ಹೈಸ್ಕೂಲಿನಲ್ಲಿದ್ದಾಗಲೇ ವಸ್ತು ವಿನ್ಯಾಸ, ತಯಾರಿಕೆ ಕಲಿಯುವುದು ಹೇಗೆ? ಸಿರಸಿಯ ಒಂದು ವರ್ಕ್‌ಶಾಪಿನಿಂದ

ಶನಿವಾರ ಬೆಳಗಿನ ಶಾಲೆ ಮುಗಿಸಿ ನಮ್ಮ ವರ್ಕ್‌ಶಾಪಿಗೆ ಬರುವ ಮಕ್ಕಳಿಗೆ ನಾನು ಮೊದಲು ಕೊಡುವುದು ಒಂದು ಹಳೆಯ ಪ್ಲಾಸ್ಟಿಕ್ ಸ್ಟೂಲು. ತಲೆಕೆಳಗು ಮಾಡಿ ಹತ್ತು ನಿಮಿಷ ನೋಡಿ, ಕಂಡದ್ದನ್ನೆಲ್ಲ ಬರೆಯಿರಿ ಎನ್ನುತ್ತೇನೆ. ನೀವೂ ಮನೆಯಲ್ಲಿ ಇದನ್ನೇ ಮಾಡಿ. ಅಡಿಯಲ್ಲಿ ತೆಳ್ಳನೆಯ ಗೋಡೆಗಳಂಥ ಪಟ್ಟಿಗಳು ಅಡ್ಡಡ್ಡ ಓಡುತ್ತವೆ. ಸ್ಟೂಲಿನ ಮೈಯನ್ನೇ ದಪ್ಪ ಮಾಡಿದರೆ ಪ್ಲಾಸ್ಟಿಕ್ ಹೆಚ್ಚು ಬೇಕು, ತಣಿಯಲು ಹೊತ್ತು ಬೇಕು, ದಪ್ಪ ಇದ್ದಲ್ಲಿ ಮೇಲ್ಮೈ ಕುಗ್ಗಿ ಗುಳಿ ಬೀಳುತ್ತದೆ. ಹಾಗಾಗಿ ಮೈ ತೆಳ್ಳಗೆ, ಬಲಕ್ಕೆ ಪಟ್ಟಿ. ಎಲ್ಲೋ ಒಂದು ಕಡೆ ಸಣ್ಣ ಒರಟು ಚುಕ್ಕೆ ಸಿಗುತ್ತದೆ, ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗಿದ ಬಾಯಿ ಅದು. ಅಲ್ಲಲ್ಲಿ ಕಾಣುವ ದುಂಡನೆಯ ಗುರುತುಗಳು ತಣಿದ ಸ್ಟೂಲನ್ನು ಅಚ್ಚಿನಿಂದ ಹೊರತಳ್ಳಿದ ಪಿನ್ನುಗಳವು. ಕಾಲುಗಳು ಸ್ವಲ್ಪ ಹೊರಕ್ಕೆ ಓರೆಯಾಗಿರುತ್ತವೆ. ಓರೆ ಇಲ್ಲದಿದ್ದರೆ ಸ್ಟೂಲು ಅಚ್ಚಿನಿಂದ ಬಿಡಿಸಿಕೊಳ್ಳುವುದಿಲ್ಲ, ಅಂಗಡಿಯಲ್ಲಿ ಒಂದರ ಮೇಲೊಂದು ಪೇರಿಸಲಿಕ್ಕೂ ಆಗುವುದಿಲ್ಲ.

ಇಷ್ಟು ನೋಡಿದ ಮಗುವಿಗೆ ಒಂದು ವಿಷಯ ತಾನಾಗಿಯೇ ಹೊಳೆಯುತ್ತದೆ: ವಸ್ತುವಿನ ಆಕಾರವನ್ನು ಕೂರುವವರು ಅರ್ಧ ತೀರ್ಮಾನಿಸಿದರೆ ಉಳಿದರ್ಧವನ್ನು ಅದನ್ನು ಮಾಡುವ ವಿಧಾನ ತೀರ್ಮಾನಿಸಿದೆ. ನಾನು ಕಲಿಸುವುದೆಲ್ಲ ಈ ಎರಡೇ. ಬಳಸುವವರ ಕೈಕಾಲು ನೋಡುವುದು, ಮತ್ತು ಇನ್ನೊಬ್ಬರು ಇನ್ನೊಂದನ್ನು ಹೀಗೇ ಮಾಡಬಲ್ಲರೇ ಎಂದು ಮೊದಲ ದಿನದಿಂದಲೇ ಕೇಳಿಕೊಳ್ಳುವುದು.

ನಾನು ಅಚ್ಚು ಮಾಡುವುದನ್ನು ಕಲಿಸುವ ಟೂಲ್ ರೂಮಿನಲ್ಲಿ ಡಿಪ್ಲೊಮಾ ಮಾಡಿ, ಹುಬ್ಬಳ್ಳಿಯಲ್ಲಿ ಕೆಲಸ ಮಾಡಿ, ಆಮೇಲೆ ಊರಿಗೆ ಬಂದು ಫ್ಯಾಬ್ರಿಕೇಶನ್ ಅಂಗಡಿ ಹಾಕಿದವನು. ಗೇಟು, ಗ್ರಿಲ್ಲು, ಅಡಿಕೆ ಸುಲಿಯುವ ಯಂತ್ರದ ರಿಪೇರಿ ನಮ್ಮ ಹೊಟ್ಟೆಪಾಡು. ಪ್ರದರ್ಶನದ ಸಮಯ ಬಂತೆಂದರೆ ಥರ್ಮಾಕೋಲಿನ ಜ್ವಾಲಾಮುಖಿ, ಬಣ್ಣದ ಅಣೆಕಟ್ಟು ಮಾಡುತ್ತಿದ್ದ ಮಕ್ಕಳನ್ನು ನೋಡಿ, ಇವರ ಬುದ್ಧಿಗೆ ಇದಕ್ಕಿಂತ ಗಟ್ಟಿ ಕೆಲಸ ಸಿಗಬೇಕು ಅನಿಸಿ ಈ ಶನಿವಾರದ ಪಾಠ ಶುರು ಮಾಡಿದ್ದು.

ನಮ್ಮ ಎಸ್ಸೆಸ್ಸೆಲ್ಸಿಯ ಮಾಮೂಲಿ ವಿಷಯಗಳ ಪಟ್ಟಿಯಲ್ಲಿ ವಸ್ತು ವಿನ್ಯಾಸ ಎಂಬುದಿಲ್ಲ. ಸ್ಕಾಟ್ಲೆಂಡಿನ ಪ್ರೌಢಶಾಲೆಗಳಲ್ಲಿ ‘ಡಿಸೈನ್ ಅಂಡ್ ಮ್ಯಾನುಫ್ಯಾಕ್ಚರ್’ ಎಂಬ ವಿಷಯವೇ ಉಂಟು. ಅಲ್ಲಿ ಬರೆಯುವ ಪರೀಕ್ಷೆಯ ಜೊತೆಗೆ, ವಿನ್ಯಾಸ ಹೇಗೆ ಬೆಳೆಯಿತು ಎಂಬುದಕ್ಕೂ, ಕೈಯಾರೆ ಮಾಡಿದ ವಸ್ತುವಿಗೂ ಅಂಕ ಇದೆ. ನಮ್ಮಲ್ಲಿ ದಾರಿ ಬೇರೆ. ನಿಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ಎಂದು ಮೊದಲು ವಿಚಾರಿಸಿ. ನೀತಿ ಆಯೋಗದ ಅಟಲ್ ಇನೊವೇಶನ್ ಮಿಷನ್ 2016ರಿಂದ ಕೊಡುತ್ತಿರುವ ಈ ಲ್ಯಾಬು 6ರಿಂದ 12ನೇ ತರಗತಿಯವರಿಗಾಗಿಯೇ ಇರುವುದು, ತ್ರೀಡಿ ಪ್ರಿಂಟರ್ ಕೂಡ ಅದರ ಸಲಕರಣೆಗಳಲ್ಲಿ ಸೇರಿದೆ. ಬೀಗ ಹಾಕಿಟ್ಟಿದ್ದರೆ ತೆಗೆಸಿಕೊಡಿ ಎಂದು ಹೆಡ್ಮಾಸ್ತರರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಲ್ಯಾಬ್ ಇಲ್ಲದ ಶಾಲೆಗೂ ಇನ್‌ಸ್ಪೈರ್ ಮಾನಕ್ ಯೋಜನೆ ಇದೆ. ಮಕ್ಕಳ ಹೊಸ ಯೋಚನೆಗಳನ್ನು ಶಾಲೆಯೇ ಆನ್‌ಲೈನಿನಲ್ಲಿ ಕಳಿಸಬೇಕು, ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ. ಎರಡೂ ಇಲ್ಲದಿದ್ದರೂ ನಡೆಯುತ್ತದೆ. ಅಳತೆ ಟೇಪು, ಒಂದಡಿಯ ಸ್ಟೀಲ್ ಸ್ಕೇಲು, ಗೆರೆ ಇಲ್ಲದ ದಪ್ಪ ನೋಟ್‌ಬುಕ್ಕು, ಕಟರು, ಫ್ರಿಜ್ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆ, ಇಷ್ಟಿದ್ದರೆ ಆರು ತಿಂಗಳು ಕಲಿಯಬಹುದು.

ಯಾರಿಗಾಗಿ ಮಾಡುತ್ತೀರಿ ಎಂಬುದು ಮೊದಲು

“ಅಂಧರಿಗೆ ಸ್ಮಾರ್ಟ್ ಕನ್ನಡಕ” ಎಂದು ಶುರು ಮಾಡಬೇಡಿ. ನಡೆದು ಹೋಗಿ ಮಾತಾಡಿಸಬಹುದಾದ, ಮತ್ತೆ ಮತ್ತೆ ಹೋದರೂ ಬೇಸರಿಸದ ಒಬ್ಬರನ್ನು ಹುಡುಕಿ, ಅವರ ದಿನದ ಕೆಲಸದಲ್ಲಿ ಒಂದು ತೊಡಕು ಹಿಡಿಯಿರಿ. ಕಾರವಾರ, ಅಂಕೋಲೆಯ ಮಕ್ಕಳಿಗೆ ಮೀನು ಮಾರುವ ಅಕ್ಕಂದಿರ ಬುಟ್ಟಿಯಿಂದ ಹೆಗಲ ಮೇಲೆ ಇಳಿಯುವ ನೀರಿದೆ. ಕುಮಟಾದವರಿಗೆ ಅಘನಾಶಿನಿ ಅಳಿವೆಯಲ್ಲಿ ಸೊಂಟಮಟ್ಟ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುವವರಿದ್ದಾರೆ. ಗೋಕರ್ಣದ ಹತ್ತಿರದವರು ಸಾಣಿಕಟ್ಟಾದ ಉಪ್ಪಿನಾಗರಕ್ಕೆ ಹೋಗಿ, ಯಾವ ಸಲಕರಣೆ ಮರದ್ದು, ಯಾವುದು ಕಬ್ಬಿಣದ್ದು, ಯಾಕೆ ಎಂದು ಕೇಳಿ ಬರಲಿ.

ನಮ್ಮ ಘಟ್ಟದ ಮೇಲಿನ ಮಕ್ಕಳು ಹಿಡಿದದ್ದು ಅಡಿಕೆ ಸುಲಿಯುವ ಕೆಲಸ. ಯಂತ್ರ ಬಂದಿದ್ದರೂ ಕಾಲಲ್ಲಿ ಅದುಮಿ ಹಿಡಿಯುವ ಮೆಟ್ಟುಗತ್ತಿಯಲ್ಲಿ ಕೈಯಿಂದ ಸುಲಿಸುವ ಮನೆಗಳು ಇನ್ನೂ ಇವೆ. ಒಂಬತ್ತನೇ ತರಗತಿಯ ಮೂವರು ಹುಡುಗಿಯರು ಪಕ್ಕದ ಕೇರಿಯ ಅಂಗಳದಲ್ಲಿ ಕೂತು ನೋಡಿದರು. ಕೂತಲ್ಲೇ ಕೂತು ಬೆನ್ನು ನೋಯುತ್ತದೆ, ಮೆತ್ತನೆಯ ಆಸನ ಮಾಡಿಕೊಡೋಣ ಎಂದು ಮೊದಲೇ ತೀರ್ಮಾನಿಸಿಕೊಂಡು ಹೋಗಿದ್ದರು. ಅಲ್ಲಿ ಸುಲಿಯುತ್ತಿದ್ದ ಹಿರಿಯ ಹೆಂಗಸು ಹೇಳಿದ್ದು ಬೇರೆಯೇ: “ಕೂರೋದು ಅಭ್ಯಾಸ ಆಗಿದೆ ತಂಗಿ. ಒಮ್ಮೆ ಏಳಬೇಕು ಅಂದ್ರೆ ಮೊಣಕಾಲು ಕೇಳೋದಿಲ್ಲ.”

ಹುಡುಗಿಯರು ಅದನ್ನು ಹಾಗೇ ಬರೆದುಕೊಂಡು ಬಂದರು. ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಬೇಕು, ತಿದ್ದಿ ಬರೆದರೆ ಸುಳಿವೇ ಮಾಯ. ನೋಡುವಾಗ ಮಾತಿನಷ್ಟೇ ಕೈಯನ್ನೂ ನೋಡಿ. ಏಳುವಾಗ ಅವರು ಎಡಗೈಯನ್ನು ಎಲ್ಲಿ ಊರಿದರು? ಕತ್ತಿಯ ಮಣೆಯನ್ನು ಯಾವ ಕಾಲಲ್ಲಿ ಅದುಮಿದ್ದಾರೆ? ಸುಲಿದ ಅಡಿಕೆ ಬೀಳುವ ಬುಟ್ಟಿ ಎಷ್ಟು ದೂರ, ಸಿಪ್ಪೆ ಯಾವ ಕಡೆ? ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ನಿಧಾನಗತಿಯಲ್ಲಿ ನೋಡಬಹುದು. ಕೂಲಿ ಸುಲಿದ ಲೆಕ್ಕದ ಮೇಲೆ ಸಿಗುತ್ತದೆ, ಆದ್ದರಿಂದ ಅವರ ಕೈ ನಿಲ್ಲಿಸಿ ಪ್ರಶ್ನೆ ಕೇಳಬೇಡಿ. ಚಹಾದ ಹೊತ್ತಿಗೆ ಕಾಯಿರಿ.

ಅಳತೆ

ಎತ್ತರದ ಆಸನ ಕೊಟ್ಟರೆ ಏಳುವುದು ಸುಲಭ. ಆದರೆ ಆಸನ ಮಾತ್ರ ಎತ್ತರಿಸಿ ಕತ್ತಿಯನ್ನು ನೆಲದಲ್ಲೇ ಬಿಟ್ಟರೆ ಬೆನ್ನು ಇನ್ನಷ್ಟು ಬಾಗುತ್ತದೆ. ಕತ್ತಿಯನ್ನೂ ಮೇಲೆತ್ತಿದರೆ ಅದನ್ನು ಅದುಮಿ ಹಿಡಿಯಲು ಕಾಲು ಸಿಗುವುದಿಲ್ಲ. ಈ ಗಂಟು ಬಿಡಿಸಿದ್ದು ಅಡುಗೆಮನೆಯಲ್ಲಿ ಕಾಯಿ ತುರಿಯುವ ಹೆರೆಮಣೆ. ಅದರ ಮೇಲೆ ಕೂತವರ ಭಾರವೇ ಅದನ್ನು ಅಲುಗದಂತೆ ಹಿಡಿದಿಡುತ್ತದಲ್ಲ. ಆಸನದಿಂದ ಮುಂದಕ್ಕೆ ಚಾಚಿದ ಒಂದು ಹಲಗೆ, ಅದರ ತುದಿಗೆ ಬೋಲ್ಟಿನಲ್ಲಿ ಬಿಗಿದ ಕತ್ತಿ. ಮನೆಯಲ್ಲಿ ಇರುವ ವಸ್ತುಗಳಿಂದ ಹೀಗೆ ಎರವಲು ಪಡೆಯುವುದು ಕಾಪಿ ಹೊಡೆದ ಹಾಗಲ್ಲ. ಆದರೆ ಎಲ್ಲಿಂದ ಬಂತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಈಗ ಎತ್ತರ ಎಷ್ಟು? ಒಬ್ಬರನ್ನು ಅಳೆದು ತೀರ್ಮಾನಿಸಬೇಡಿ. ಈ ಕೆಲಸ ಮಾಡುವ ಕಡಿಮೆಯೆಂದರೆ ಇಪ್ಪತ್ತು ಜನರದ್ದು ಅಳೆಯಿರಿ: ಮೊಣಕಾಲಿನ ಹಿಂಭಾಗದಿಂದ ನೆಲಕ್ಕೆ, ಸೊಂಟದ ಅಗಲ, ಕೂತು ಕೈ ಚಾಚಿದರೆ ಎಲ್ಲಿಯವರೆಗೆ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ಸರಾಸರಿ ತೆಗೆದು ಕೂರಬೇಡಿ, ಸರಾಸರಿ ಅಳತೆಗೆ ಮಾಡಿದ್ದು ಗಿಡ್ಡನೆಯವರಿಗೂ ಉದ್ದನೆಯವರಿಗೂ ಹೊಂದದೆ ಹೋಗಬಹುದು. ಕೈಗೆಟುಕಬೇಕಾದ ಅಳತೆಯನ್ನು ಚಿಕ್ಕ ಮೈಯವರಿಗೆ ನೋಡಿ ಇಡಿ, ಏಕೆಂದರೆ ಅವರಿಗೆ ಎಟುಕಿದ್ದು ದೊಡ್ಡವರಿಗೂ ಎಟುಕುತ್ತದೆ. ಮೈ ಹಿಡಿಯಬೇಕಾದ ಜಾಗವನ್ನು ದೊಡ್ಡ ಮೈಯವರಿಗೆ ನೋಡಿ ಇಡಿ. ದೊಡ್ಡ ಕಂಪನಿಗಳು ನೂರು ಜನರಲ್ಲಿ ತೀರಾ ಚಿಕ್ಕ ಐವರನ್ನೂ ತೀರಾ ದೊಡ್ಡ ಐವರನ್ನೂ ಬಿಟ್ಟು ಉಳಿದ ತೊಂಬತ್ತು ಜನರಿಗೆ ಹೊಂದಿಸುವುದು ಇದೇ ಲೆಕ್ಕದಲ್ಲಿ.

ಆಮೇಲೆ ಒಂದು ಪುಟದಲ್ಲಿ ವಸ್ತುವಿನ ಷರತ್ತುಗಳನ್ನು ಬರೆಯಿರಿ. ‘ಹಗುರವಾಗಿರಬೇಕು’ ಎಂದರೆ ಷರತ್ತಲ್ಲ, ‘4 ಕೆ.ಜಿ. ಮೀರಬಾರದು’ ಎಂದರೆ ಷರತ್ತು. ‘ಗಟ್ಟಿಯಾಗಿರಬೇಕು’ ಬದಲು ‘ಎರಡು ಸಿಮೆಂಟು ಚೀಲ, ಅಂದರೆ 100 ಕೆ.ಜಿ. ಹೇರಿದರೂ ಬಾಗಬಾರದು’. ಕೊನೆಯಲ್ಲಿ ಪರೀಕ್ಷಿಸಿ ಹೌದು, ಇಲ್ಲ ಎನ್ನಲು ಬರುವಂತಿರಬೇಕು.

ರಟ್ಟು

ಚಿತ್ರ ಬಿಡಿಸಲು ಬರುವುದಿಲ್ಲ ಎಂದು ಹಿಂಜರಿಯುವ ಮಕ್ಕಳೇ ಹೆಚ್ಚು. ಇಲ್ಲಿ ಚಿತ್ರ ಚೆಂದ ಇರಬೇಕಿಲ್ಲ. ರಬ್ಬರು ಮಾತ್ರ ಮುಟ್ಟಬೇಡಿ. ಬೇಡವೆನಿಸಿದ ಚಿತ್ರದ ಪಕ್ಕ ಯಾಕೆ ಬೇಡ ಎಂದು ಒಂದು ಸಾಲು ಬರೆದು ಮುಂದಿನ ಪುಟಕ್ಕೆ ಹೋಗಿ. ಮುಂದೆ ಯಾರಾದರೂ ನಿಮ್ಮ ಕೆಲಸ ನೋಡುವಾಗ ಆ ಸಾಲುಗಳನ್ನೇ ಮೊದಲು ಓದುತ್ತಾರೆ.

ನಾಲ್ಕೈದು ಚಿತ್ರವಾದ ಮೇಲೆ ರಟ್ಟಿನಲ್ಲಿ ಪೂರ್ತಿ ಅಳತೆಯ ಮಾದರಿ ಮಾಡಿ. ಚಿಕ್ಕ ಗೊಂಬೆಯಂತೆ ಮಾಡಿದರೆ ಅದರ ಮೇಲೆ ಯಾರೂ ಕೂರಲಾರರು. ರಟ್ಟಿನೊಳಗಿನ ಅಲೆಗಳ ಕೊಳವೆಗಳು ನೆಲಕ್ಕೆ ನೇರವಾಗಿ ನಿಲ್ಲುವಂತೆ ಕತ್ತರಿಸಿ, ಪಟ್ಟಿಗಳನ್ನು ಒಂದಕ್ಕೊಂದು ಅಡ್ಡ ಸಿಕ್ಕಿಸಿದರೆ ದೊಡ್ಡವರ ಭಾರವನ್ನೂ ತಡೆಯುತ್ತದೆ. ನಮ್ಮ ಹುಡುಗಿಯರು ಮೂರು ಕಾಲಿನದೂ ಮಾಡಿದ್ದರು, ನಾಲ್ಕು ಕಾಲಿನದೂ. ಸೆಗಣಿ ಸಾರಿಸಿದ ಅಂಗಳ ಸಮತಟ್ಟಾಗಿರುವುದಿಲ್ಲ, ಮೂರು ಕಾಲಿನದು ಎಲ್ಲಿಟ್ಟರೂ ಕುಂಟುವುದಿಲ್ಲ. ಮೂರು ಬಿಂದು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ ಎಂದು ಗಣಿತದಲ್ಲಿ ಓದಿದ್ದು ಇದೇ. ಆದರೆ ಬುಟ್ಟಿಗೆಂದು ಪಕ್ಕಕ್ಕೆ ವಾಲಿದಾಗ ದೇಹದ ಭಾರ ಆ ತ್ರಿಕೋನದ ಹೊರಗೆ ಬಿದ್ದು ಮಗುಚುತ್ತದೆ, ಎದುರಿಗೆ ಹರಿತವಾದ ಕತ್ತಿ ಬೇರೆ. ನಾಲ್ಕು ಕಾಲನ್ನೇ ಆರಿಸಿ, ಕುಂಟದಂತೆ ತುದಿಗೆ ದಪ್ಪ ರಬ್ಬರ್ ಬುಶ್ ಹಾಕಿದರು. ಕೈ ಊರಿ ಏಳಲು ಎಡಕ್ಕೊಂದು ಗಟ್ಟಿ ಹಿಡಿಕೆ. ಈ ಎಲ್ಲ ತೀರ್ಮಾನ ರಟ್ಟಿನಲ್ಲೇ ಮುಗಿಯಿತು, ಒಂದು ಪೈಸೆಯ ಕಬ್ಬಿಣವೂ ಹಾಳಾಗಲಿಲ್ಲ.

ಯಾವ ಸಾಮಾನು

ಪಠ್ಯಪುಸ್ತಕದ ಲೋಹ, ಅಲೋಹಗಳ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಎರಡು ಶತ್ರುಗಳು: ಘಟ್ಟದ ಮೇಲೆ ಮಳೆಗಾಲದ ತೇವ, ಕೆಳಗೆ ಉಪ್ಪುಗಾಳಿ. ತೇವಕ್ಕೆ ಮರ ಅಗಲದಲ್ಲಿ ಉಬ್ಬುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಇಲ್ಲವೆನ್ನುವಷ್ಟು ಕಡಿಮೆ. ಆಷಾಢದಲ್ಲಿ ಬಿಗಿಯಾಗುವ ಬಾಗಿಲು ಬೇಸಿಗೆಯಲ್ಲಿ ಸಲೀಸಾಗುವುದು ಅದಕ್ಕೆ. ಹಲಸಿನ ಹಲಗೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿಯುವಾಗ ಸ್ಕ್ರೂ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದಕ್ಕೆ ಕೊರೆದರೆ ಹಲಗೆ ಸೀಳದೆ ಸರಿದಾಡಿಕೊಳ್ಳುತ್ತದೆ. ಮರದ ಎಳೆ ಯಾವ ಕಡೆ ಓಡುತ್ತದೆ ಎಂದು ಓದಲು ಕಲಿಯಬೇಕಿದ್ದರೆ ಗಂಧದ ಕೆತ್ತನೆ ಮಾಡುವ ಗುಡಿಗಾರರ ಉಳಿಯ ಓಟವನ್ನು ಒಂದು ಮಧ್ಯಾಹ್ನ ಕೂತು ನೋಡಬೇಕು. ಸಿರಸಿ, ಸಾಗರ, ಕುಮಟಾದ ಮಕ್ಕಳಿಗೆ ಈ ಭಾಗ್ಯ ಊರಲ್ಲೇ ಇದೆ.

ಕರಾವಳಿಯವರು ಸಾದಾ ಕಬ್ಬಿಣ ಬಳಸಿದರೆ ಮುಲಾಮು ಹಚ್ಚಿದ ಹಾಗೆ ಬಣ್ಣ ಹಚ್ಚುತ್ತಲೇ ಇರಬೇಕು. ಸ್ಟೇನ್‌ಲೆಸ್ ಸ್ಟೀಲಿನಲ್ಲೂ 304, 316 ಎಂದು ಬಗೆಗಳಿವೆ. 316ರಲ್ಲಿ ಮಾಲಿಬ್ಡಿನಂ ಸೇರಿರುವುದರಿಂದ ಉಪ್ಪುನೀರಿಗೆ ಅದು ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ಅಲ್ಯೂಮಿನಿಯಮ್ಮಿಗೆ ಸ್ಟೀಲಿನ ಬೋಲ್ಟು ಹಾಕಿದರೆ ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಮ್ ತಿಂದುಹೋಗುತ್ತದೆ, ನಡುವೆ ನೈಲಾನ್ ವಾಷರ್ ಇಡಿ. ತ್ರೀಡಿ ಪ್ರಿಂಟರಿನ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಆಕಾರ ನೋಡಲು ಅದು ಸೊಗಸು, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡುವ ವಸ್ತುವಿಗೆ ಆಗುವುದಿಲ್ಲ.

ನಕ್ಷೆ, ಆಮೇಲೆ ನೂರು

ನಕ್ಷೆಯಲ್ಲಿ ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಂಡಂತೆ ಮೂರು ನೋಟ ಬೇಕು. ನಮ್ಮ ದೇಶದಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿ, ಅಂದರೆ ಮೇಲಿನ ನೋಟ ಮುಂದಿನ ನೋಟದ ಕೆಳಗೆ ಬರುತ್ತದೆ. ಅಳತೆಯೆಲ್ಲ ಮಿಲಿಮೀಟರಿನಲ್ಲಿ. ನಕ್ಷೆ ಮುಗಿದ ಮೇಲೆ ನಾನು ಇಡುವ ಪರೀಕ್ಷೆ ಒಂದೇ. ಈ ಕೆಲಸದಲ್ಲಿ ಇಲ್ಲದ ಸಹಪಾಠಿಗೆ ನಕ್ಷೆ ಕೊಟ್ಟು, ರಟ್ಟಿನಲ್ಲಿ ಮಾಡಲು ಹೇಳಿ, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂರಬೇಕು. ಅವಳು “ಈ ತೂತು ಅಂಚಿನಿಂದ ಎಷ್ಟು ದೂರ?” ಎಂದು ಕೇಳಿದಳೋ, ಅಲ್ಲಿ ಒಂದು ಅಳತೆ ಬಿಟ್ಟುಹೋಗಿದೆ. ಅವಳು ಏನೂ ಕೇಳದೆ ಮಾಡಿ ಮುಗಿಸುವವರೆಗೆ ನಕ್ಷೆ ಮುಗಿದಿಲ್ಲ.

ಇನ್ನು ಕಬ್ಬಿಣದ ಲೆಕ್ಕ. ಇದನ್ನು ಬೋರ್ಡಿನ ಮೇಲೆ ಬರೆಸದೆ ನಾನು ಯಾರನ್ನೂ ಕಟಿಂಗ್ ಮಶಿನ್ ಹತ್ತಿರ ಬಿಡುವುದಿಲ್ಲ. ಅಂಗಡಿಗೆ ಬರುವ ಚೌಕ ಪೈಪು 6 ಮೀಟರ್, ಅಂದರೆ 6000 ಮಿ.ಮೀ. ಆಸನಕ್ಕೆ 200 ಮಿ.ಮೀ.ನ ನಾಲ್ಕು ಕಾಲು, 300 ಮಿ.ಮೀ.ನ ನಾಲ್ಕು ಚೌಕಟ್ಟಿನ ತುಂಡು. 800ಕ್ಕೆ 1200 ಸೇರಿ 2000. ಮೂರು ಆಸನಕ್ಕೆ ಸರಿಯಾಗಿ ಒಂದು ಪೈಪು ಎಂದು ಮಕ್ಕಳು ಕುಣಿಯುತ್ತಾರೆ. ಆದರೆ ಕತ್ತರಿಸುವ ಚಕ್ರವೂ ಪ್ರತಿ ಸಲ 3-4 ಮಿ.ಮೀ. ಕಬ್ಬಿಣ ಪುಡಿ ಮಾಡುತ್ತದೆ. ಎಂಟು ತುಂಡಿಗೆ ಸುಮಾರು 30. ಒಂದು ಆಸನಕ್ಕೆ 2030, ಮೂರಕ್ಕೆ 6090. ಪೈಪಿನಲ್ಲಿ ಎರಡೇ ಆಸನ ಸಿಕ್ಕಿ, ಮೂರನೆಯದು ತುಸುವಿನಲ್ಲಿ ತಪ್ಪುತ್ತದೆ. ಕಾಲನ್ನು 180ಕ್ಕೆ ಇಳಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ 200 ಮೊಣಕಾಲು ನೋಡಿ ಬಂದ ಅಳತೆ, ಅದನ್ನು ಮುಟ್ಟಕೂಡದು. ಚೌಕಟ್ಟನ್ನು 290 ಮಾಡಿ. 800, 1160, 30 ಕೂಡಿ 1990. ಮೂರಕ್ಕೆ 5970, ಪೈಪಿನಲ್ಲಿ 30 ಮಿ.ಮೀ. ಉಳಿಯಿತು. ಕೂರುವವರಿಗೆ ಒಂದು ಸೆಂಟಿಮೀಟರಿನ ವ್ಯತ್ಯಾಸ ತಿಳಿಯುವುದಿಲ್ಲ, ಉಳಿದ ತುಂಡು ಮೂಲೆಗೆ ಬಿದ್ದರೆ ಮೂವತ್ತು ಆಸನಕ್ಕೆ ಹದಿನೈದು ಪೈಪು ಹೋಗುತ್ತಿತ್ತು, ಈಗ ಹತ್ತು ಸಾಕು.

ಒಂದು ಮಾಡುವುದಕ್ಕೂ ಹತ್ತು ಮಾಡುವುದಕ್ಕೂ ಇನ್ನೊಂದು ವ್ಯತ್ಯಾಸ ಜಿಗ್. ಪ್ರತಿ ಹಲಗೆಯಲ್ಲೂ ಸ್ಕೇಲಿಟ್ಟು ತೂತಿನ ಗುರುತು ಹಾಕುತ್ತಾ ಕೂತರೆ ಪ್ರತಿಯೊಂದೂ ಕೂದಲಷ್ಟು ಬೇರೆ ಆಗುತ್ತದೆ. ಹಲಗೆಯ ಮೂಲೆಗೆ ತಾಗಿ ಕೂರುವ ಒಂದು ಕಬ್ಬಿಣದ ತಗಡಿನಲ್ಲಿ ಸರಿಯಾದ ಜಾಗಕ್ಕೆ ತೂತು ಕೊರೆದಿಟ್ಟುಕೊಂಡರೆ, ಆ ತೂತಿನ ಮೂಲಕವೇ ಡ್ರಿಲ್ಲು ಇಳಿಸಿದರಾಯಿತು. ನೂರಕ್ಕೆ ಹೋದರೆ ಜಿಗ್, ಹತ್ತಾರು ಸಾವಿರಕ್ಕೆ ಹೋದರೆ ಅಚ್ಚು. ಪ್ಲಾಸ್ಟಿಕ್ ಸ್ಟೂಲಿನ ಅಚ್ಚಿಗೆ ಲಕ್ಷಗಟ್ಟಲೆ ಬೀಳುತ್ತದೆ, ಆ ಖರ್ಚು ಅಷ್ಟೊಂದು ಸ್ಟೂಲುಗಳ ಮೇಲೆ ಹಂಚಿಹೋಗುವುದರಿಂದ ಒಂದರ ಬೆಲೆ ಇಳಿಯುತ್ತದೆ. ಇದನ್ನು ಕಣ್ಣಾರೆ ನೋಡಲು ಹತ್ತಿರದ ಹಾಳೆ ತಟ್ಟೆ ಘಟಕಕ್ಕೆ ಹೋಗಿ. ನೆನೆಸಿ ಮೆತ್ತಗಾದ ಅಡಿಕೆ ಹಾಳೆ ಬಿಸಿ ಅಚ್ಚಿನ ನಡುವೆ ಕೂತು, ಒತ್ತಡಕ್ಕೆ ತಟ್ಟೆಯಾಗಿ ಏಳುತ್ತದೆ. ಒಂದೇ ಹಾಳೆಯಲ್ಲಿ ದೊಡ್ಡ ತಟ್ಟೆ ಎಷ್ಟು, ಉಳಿದ ಜಾಗದಲ್ಲಿ ದೊನ್ನೆ ಎಷ್ಟು ಎಂದು ಅಲ್ಲಿಯವರು ಹಾಳೆ ಕೈಗೆತ್ತಿಕೊಂಡ ಕೂಡಲೇ ಹೇಳಬಲ್ಲರು.

ಡ್ರಿಲ್ಲಿನ ಮುಂದೆ ನಿಲ್ಲುವಾಗ ಕನ್ನಡಕ ಕಡ್ಡಾಯ, ಜಡೆ ಮೇಲೆ ಕಟ್ಟಿರಬೇಕು, ವೇಲು ತೆಗೆದಿಟ್ಟಿರಬೇಕು. ಕೈಗವಸು ಹಾಕಲೇಬಾರದು, ತಿರುಗುವ ಬಿಟ್ಟಿಗೆ ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ವೆಲ್ಡಿಂಗ್ ಮತ್ತು ಕಟಿಂಗ್ ದೊಡ್ಡವರದ್ದೇ ಕೆಲಸ. ಮಕ್ಕಳು ಗುರುತು ಹಾಕಲಿ, ಅಳೆಯಲಿ, ಜೋಡಿಸಲಿ.

ಮಾಡಿದ್ದನ್ನು ಷರತ್ತಿನ ಪುಟ ಹಿಡಿದು ಒಂದೊಂದೇ ಪರೀಕ್ಷಿಸಿ, ಆಮೇಲೆ ಸುಲಿಯುವವರ ಅಂಗಳದಲ್ಲಿ ಒಂದು ವಾರ ಬಿಟ್ಟು ಬನ್ನಿ. ಹೇಗಿದೆ ಎಂದು ಕೇಳಿದರೆ “ಚಲೋ ಇದ್ದು” ಎಂದೇ ಹೇಳುತ್ತಾರೆ, ಮಕ್ಕಳ ಮನಸ್ಸು ನೋಯಿಸಲು ಯಾರಿಗೂ ಇಷ್ಟವಿಲ್ಲ. ನೀವು ಇಲ್ಲದಾಗ ಅದು ಅಂಗಳದಲ್ಲಿತ್ತೋ ಅಟ್ಟ ಸೇರಿತ್ತೋ, ಹಿಡಿಕೆಯ ಬಣ್ಣ ಸವೆದಿದೆಯೋ ಇಲ್ಲವೋ, ಅದನ್ನು ನೋಡಿ. ನಮ್ಮ ಹುಡುಗಿಯರ ಆಸನಕ್ಕೆ ಗೋಣಿಚೀಲ ಮಡಚಿ ಹಾಸಿದ್ದರು, ಹಿಡಿಕೆ ನುಣುಪಾಗಿತ್ತು. ಮೆತ್ತೆಯ ಬಗ್ಗೆ ಮತ್ತೊಂದು ಪುಟ ಶುರುವಾಯಿತು.

ಎಸ್ಸೆಸ್ಸೆಲ್ಸಿ ಆದ ಮೇಲೆ

ಕೈಕೆಲಸ ಇಷ್ಟವಾದವರಿಗೆ ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿ ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ನಮಗೆ ಹುಬ್ಬಳ್ಳಿ, ಬೆಳಗಾವಿಯ ಕೇಂದ್ರಗಳೂ ಇವೆ. ಅಚ್ಚು ಮಾಡುವ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಕೊನೆಗೆ ಕಾರ್ಖಾನೆಯಲ್ಲಿ ತರಬೇತಿಯೂ ಸೇರಿದೆ. ಕಾರವಾರದ ಸರ್ಕಾರಿ ಪಾಲಿಟೆಕ್ನಿಕ್ಕಿನಂಥಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿದವರು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ವಿನ್ಯಾಸವನ್ನೇ ಓದಬೇಕೆಂದರೆ ಪಿಯುಸಿ ಮುಗಿಸಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್, ಅಂದರೆ ಎನ್‌ಐಡಿಯ ಪ್ರವೇಶ ಪರೀಕ್ಷೆ ಅಥವಾ ಐಐಟಿ ಬಾಂಬೆ ನಡೆಸುವ ಯುಸೀಡ್ ಬರೆಯಬೇಕು. ಎರಡಕ್ಕೂ ಕಲೆ, ವಾಣಿಜ್ಯ, ವಿಜ್ಞಾನ ಯಾವುದು ಓದಿದವರೂ ಕೂರಬಹುದು. ಇದು ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಗೊತ್ತಿಲ್ಲ, ದಯವಿಟ್ಟು ಹೇಳಿ.

ಶಿಕ್ಷಕರಿಗೆ ಒಂದು ಮಾತು ವೇಳಾಪಟ್ಟಿಯ ಬಗ್ಗೆ. ಜೂನ್‌ನಲ್ಲಿ ಅಡಿಕೆ ಸುಲಿಯುವುದು ಕಾಣಸಿಗುವುದಿಲ್ಲ. ಮಳೆಗಾಲದಲ್ಲಿ ಮಳೆಯದ್ದೇ ತೊಡಕು ಹಿಡಿಸಿ: ಶಾಲೆಯ ಜಗಲಿಯಲ್ಲಿ ನೀರಿಳಿಸುತ್ತ ಬಿದ್ದಿರುವ ಇಡೀ ತರಗತಿಯ ಕೊಡೆಗಳು ಒಳ್ಳೆಯ ಮೊದಲ ಪಾಠ. ಸ್ಟೂಲು ಓದುವುದು, ರಟ್ಟು, ನಕ್ಷೆ ಇವೆಲ್ಲ ಅದರಲ್ಲೇ ಪಳಗಲಿ. ದಸರಾ ರಜೆ ಮುಗಿಸಿ ಬಂದ ಮೇಲೆ ಅಡಿಕೆಯ ಕೊನೆಕೊಯ್ಲು ಶುರುವಾಗುವ ಹೊತ್ತಿಗೆ ಅಂಗಳಗಳಿಗೆ ಕಳಿಸಿ. ಹತ್ತನೆಯವರನ್ನು ಡಿಸೆಂಬರ್ ನಂತರ ಪರೀಕ್ಷೆಗೆ ಬಿಟ್ಟುಬಿಡಿ, ಅವರ ನೋಟ್‌ಬುಕ್ಕು ಒಂಬತ್ತನೆಯವರ ಕೈಗೆ ಹೋಗಲಿ.